ಒಂಟಿ ಹಳಿಯೂ ಜೋಡು ಹಳಿಯೂ



ತನ್ನ ತಪ್ಪನ್ನು ತಾನೇ ಬರೆದು ತೋರಿಸುವದು ಸುಲಭವಲ್ಲ. ಆದಾಗ್ಯೂ ನಾನು ಕಲಿತ ಪಾಠವು ಮತ್ತೊಬ್ಬರಿಗೆ ಪ್ರಯೋಜನವಾದೀತೆಂಬ ಆಶೆಯಿಂದ ಈ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

ನಾನು ಶಹಾಬಾದಿನವಳು. ವಾಡಿಯ ಮಾರ್ಗವಾಗಿ ಸೇಡಮಿನ ಒಂದು ಕಚೇರಿಗೆ ಕೆಲಸಕ್ಕೆ ಹೋಗುತ್ತೇನೆ. ಚಿಂಚೋಳಿ, ಚಿತ್ತಾಪುರ ಕಡೆಯ ಬಡ ಹುಡುಗಿಯರ ವಿದ್ಯಾರ್ಥಿವೇತನದ ಅರ್ಜಿಗಳನ್ನು ಗಣಕಯಂತ್ರದಿಂದ ಕಳುಹಿಸುವದು ನನ್ನ ಹೊಣೆ. ಗಡುವಿಗೆ ಎರಡೇ ದಿವಸ ಉಳಿದಿದ್ದವು. ಪುಟಗಳು ತೆರೆಯುತ್ತಿದ್ದವು, ಚಿಕ್ಕ ಪತ್ರಗಳು ಹೋಗುತ್ತಿದ್ದವು. ಆದರೆ ಭಾವಚಿತ್ರ, ಪ್ರಮಾಣಪತ್ರಗಳನ್ನು ಕಳುಹಿಸಹೋದರೆ ನಡುವೆಯೇ ನಿಂತುಬಿಡುತ್ತಿದ್ದವು. ತಂತಿ ಜೋಡಿಸಿದ್ದ ಎಳೆಯ ಸಹಾಯಕಿಯನ್ನು ನಾನು ಎಲ್ಲರೆದುರಿಗೆ ಗದರಿಸಿದೆನು.

ಆಕೆ ಎದುರಾಡಲಿಲ್ಲ. ಬೇರೆ ತಂತಿ ಹಾಕಿ ನೋಡಿದಳು, ಗುಣವಾಗಲಿಲ್ಲ. ಬಳಿಕ ಮೊದಲಿನ ತಂತಿಯನ್ನೇ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಕಡತವು ಕ್ಷಣಮಾತ್ರದಲ್ಲಿ ಹೋಯಿತು. "ಅಕ್ಕೋರೆ, ವಾಯರ್ ಛಲೋ ಅದರಿ. ನಿಮ್ಮ ಕಾರ್ಡಿನ ಸೆಟ್ಟಿಂಗ್ ಒಮ್ಮಿ ನೋಡಮೇನ್ರಿ?" ಎಂದಳು.

ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡನ್ನು ತೆರೆದು ನೋಡಲಾಗಿ, 'ಸ್ಪೀಡ್ ಆ್ಯಂಡ್ ಡ್ಯುಪ್ಲೆಕ್ಸ್' ಎಂಬಲ್ಲಿ '100 ಎಂಬಿಪಿಎಸ್ ಫುಲ್ ಡ್ಯುಪ್ಲೆಕ್ಸ್' ಎಂದಿತ್ತು. ಹಿಂದೊಮ್ಮೆ ವೇಗ ಹೆಚ್ಚಲೆಂದು ಹಾಗೆ ಕಟ್ಟಿಹಾಕಿದವಳು ನಾನೇ!

ಇದರ ಮರ್ಮವನ್ನು ನಮ್ಮ ಕಡೆಯ ರೇಲ್ವೆಯಿಂದ ತಿಳಿಯಬಹುದು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಳಿ ಬಿದ್ದಂದಿನಿಂದ ನಮ್ಮ ಜನರು ಗಾಡಿಗಳ ಓಡಾಟವನ್ನು ಬಲ್ಲರು. ಒಂಟಿ ಹಳಿಯಲ್ಲಿ ಎದುರು ಗಾಡಿ ಬರುವ ತನಕ ಈಚೆಯದು ಕಾಯತಕ್ಕದ್ದು. ಇದು ಹಾಫ್ ಡ್ಯುಪ್ಲೆಕ್ಸ್. ಜೋಡು ಹಳಿಯಲ್ಲಿ ಎರಡೂ ಏಕಕಾಲಕ್ಕೆ ಓಡುವವು. ಇದು ಫುಲ್ ಡ್ಯುಪ್ಲೆಕ್ಸ್. ತಂತಿಯ ಎರಡು ತುದಿಯ ಯಂತ್ರಗಳು ಒಂದಕ್ಕೊಂದು ವಿಚಾರಿಸಿ ಕ್ರಮವನ್ನು ನಿಶ್ಚಯಿಸಿಕೊಳ್ಳುವ ಪದ್ಧತಿಯು 1995ರ ಫಾಸ್ಟ್ ಈಥರ್‌ನೆಟ್ ನಿಯಮದಲ್ಲಿಯೇ ಉಂಟು. ಒಂದು ತುದಿಯನ್ನು ಕಟ್ಟಿಹಾಕಿದರೆ ಅದು ವಿಚಾರಣೆಗೆ ಉತ್ತರ ಕೊಡುವದಿಲ್ಲ. ಆಗ ಮತ್ತೊಂದು ವೇಗವನ್ನಷ್ಟೇ ಗುರುತಿಸಿ, ಉಳಿದುದನ್ನು ತಿಳಿಯಲಾರದೆ, ಹಾಫ್ ಡ್ಯುಪ್ಲೆಕ್ಸಿಗೆ ಇಳಿಯುವದು. ಒಂದು ಕಾಯುವದು, ಒಂದು ಕಾಯದೆ ನುಗ್ಗುವದು. ದೊಡ್ಡ ಕಡತ ಹೊರಟಾಗಲೆಲ್ಲಾ ಡಿಕ್ಕಿಯೇ.

ಪರಿಹಾರವು ಅತಿ ಸುಲಭ. ಎರಡು ತುದಿಗಳನ್ನೂ 'ಆಟೊ ನೆಗೋಶಿಯೇಶನ್'ಗೆ ಬಿಡಬೇಕು. ಇಲ್ಲವೆ ಎರಡನ್ನೂ ಒಂದೇ ರೀತಿಯಾಗಿ ಕಟ್ಟಬೇಕು. ತಾಮ್ರದ ತಂತಿಯ ಗಿಗಾಬಿಟ್ ವೇಗಕ್ಕಂತೂ ಆಟೊ ಇರಲೇಬೇಕು. ನಾಲ್ಕು ಜೋಡಿ ಎಳೆಗಳೂ ಸರಿಯಾಗಿರಬೇಕು.

ಆಕೆ 'ಆಟೊ' ಎಂದು ಒತ್ತಿದಳು. ಸಂಜೆಯೊಳಗೆ ಅರ್ಜಿಗಳೆಲ್ಲಾ ಹೋದವು. ಮರುದಿನ, ಗದರಿಸಿದ್ದು ಎಲ್ಲರೆದುರಿಗಾದ್ದರಿಂದ, ಕ್ಷಮೆಯನ್ನೂ ಎಲ್ಲರೆದುರಿಗೇ ಕೇಳಿದೆನು. ಆಕೆ ನಕ್ಕು, "ಇರಲಿ ಬಿಡ್ರಿ ಅಕ್ಕೋರೆ" ಅಂದಳು.

ಸಹೋದರಿಯರೇ, ಆ ದಿನ ಕಾರ್ಡಿಗಿಂತ ಮುಂಚೆ ಕಟ್ಟಿಹಾಕಿಕೊಂಡಿದ್ದವಳು ನಾನು. ಕೇಳದೆ ತೀರ್ಮಾನಿಸುವವರ ಸಂಗಡ ಎದುರಿನವರು ಎಷ್ಟು ತಾಳ್ಮೆಯಿಂದಿದ್ದರೂ ಮಾತು ಸಾಗುವದಿಲ್ಲ.