ಸೋಗೆ ಚಪ್ಪರಕ್ಕೆ ಇನ್ನೊಂದು ಹೆಸರು

ಭೂಮಿ ಹುಣ್ಣಿಮೆಗೆ ವಾರವಿದ್ದಾಗ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಿ, ಇಲ್ಲೂ ಚಪ್ಪರ ಹಾಕ್ತಾ ಇದ್ದಾರೆ" ಅಂದಳು. ಕರಾವಳಿಯ ಸಾವಿರಾರು ಮಂದಿಯ ಹಾಗೆ ಅವಳೂ ಇಸ್ರೇಲಿಗೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದವಳು. ಆ ಮನೆಯ ಅಜ್ಜಿಯನ್ನು 'ಸಾವ್ತಾ' ಎನ್ನುತ್ತಾಳೆ. ಅಜ್ಜಿ ಎಂದೇ ಅದರ ಅರ್ಥ. ಅವತ್ತಿನಿಂದ ದಿನವೂ ಒಂದೆರಡು ಹೀಬ್ರೂ ಮಾತು ತುಮರಿಯ ನಮ್ಮ ಅಡುಗೆಮನೆಗೆ ಬರತೊಡಗಿದವು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ.

ಚಪ್ಪರಕ್ಕೆ ಸುಕ್ಕಾ. ಹಲವಾದರೆ ಸುಕ್ಕೋತ್, ಯಹೂದಿಗಳ ಈ ಹಬ್ಬದ ಹೆಸರೂ ಅದೇ. ಮೇಲೆ ಹೊದಿಸುವ ಸೊಪ್ಪು, ಗರಿಗೆ ಸ್ಖಾಖ್. ನೆಲದಲ್ಲಿ ಬೆಳೆದು ಕಡಿದದ್ದೇ ಆಗಬೇಕು, ತಗಡು ಸಲ್ಲದು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ರಾತ್ರಿ ಸಂದಿಯಲ್ಲಿ ನಕ್ಷತ್ರ ಕಾಣಬೇಕು. ನಮ್ಮ ಅಂಗಳದ ಅಡಿಕೆ ಸೋಗೆಯ ಚಪ್ಪರವೇ! ಸುಕ್ಕಾ, ಸೋಗೆ ಎಂದು ಬಾಯಲ್ಲಿ ಹೇಳಿ ನೋಡಿದೆ. ನಂಟಿಲ್ಲದ ಮಾತುಗಳು, ಗೊತ್ತು. ನಾಲಿಗೆಗೆ ಅಷ್ಟು ಸಲಿಗೆ ಸಾಕಾಯಿತು. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ 'ಪರ್ಣಶಾಲೆ' ಎಂಬ ಮಾತಿದೆ. ಅದು ನನ್ನನ್ನು ಪಂಚವಟಿಗೆ ಕರೆದೊಯ್ಯುತ್ತದೆ. ಚಪ್ಪರವಾದರೆ ಮನೆಯಲ್ಲೇ ಇರುತ್ತೇನೆ.

ಹಬ್ಬದಲ್ಲಿ ಕೈಯಲ್ಲಿ ಹಿಡಿಯುವುದು ನಾಲ್ಕು. ಎತ್ರೋಗ್ ಎಂದರೆ ಮಾದಲ ಹಣ್ಣು, ನಮ್ಮ ಹಿಮಾಲಯದ ತಪ್ಪಲಿಂದ ಪರ್ಷಿಯಾ ದಾಟಿ ಅಲ್ಲಿಗೆ ಹೋದದ್ದು. ಲುಲಾವ್ ಖರ್ಜೂರದ ಇನ್ನೂ ಬಿಚ್ಚದ ಗರಿ. ಹದಾಸ್ ಕಂಪಿನ ಎಲೆ. ಅರಾವಾ ಹೊಳೆದಂಡೆಯ ಮರದ ಟೊಂಗೆ. ಮಾದಲಕ್ಕೆ ರುಚಿ, ಕಂಪು ಎರಡೂ ಉಂಟು. ಖರ್ಜೂರಕ್ಕೆ ರುಚಿ ಮಾತ್ರ, ಹದಾಸ್‌ಗೆ ಕಂಪು ಮಾತ್ರ. ಅರಾವಾಗೆ ಎರಡೂ ಇಲ್ಲ. ಮನುಷ್ಯರೂ ಹೀಗೇ ನಾಲ್ಕು ಬಗೆ ಎಂದು ಅವರ ಹಿರಿಯರು ಹೇಳಿದ್ದಾರಂತೆ. ಆದರೆ ಅರಾವಾವನ್ನು ಕೈಬಿಟ್ಟರೆ ಉಳಿದ ಮೂರೂ ಸಲ್ಲವು. ನನಗೆ ಎಲ್ಲಕ್ಕಿಂತ ಬೇಗ ಬಾಯಿಗೆ ಬಂದದ್ದು ಆ ಹೊಳೆದಂಡೆಯ ಹೆಸರೇ.

ಅವರದೂ ಚಂದ್ರನ ತಿಂಗಳು, ನಮ್ಮ ಅಧಿಕಮಾಸದ ಹಾಗೆ ಅವರಿಗೂ ಅದಾರ್ ತಿಂಗಳು ಕೆಲವು ವರ್ಷ ಎರಡು ಸಲ ಬರುತ್ತದೆ. 2025ರ ಅಕ್ಟೋಬರ್ 6ರ ಸಂಜೆ ಅಲ್ಲಿ ಸುಕ್ಕೋತ್ ಶುರುವಾದಾಗ ಇಲ್ಲಿ ನಾವು ಬಸುರಿ ಗದ್ದೆಯ ಬಯಕೆಗೆ ಸೊಪ್ಪು ಹೆಚ್ಚುತ್ತಿದ್ದೆವು. ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಚಿತ್ತಾರ ಬರೆಸಿಕೊಂಡು ಮೂಲೆಯಲ್ಲಿತ್ತು.

"ಅವರಿಗೆ ಚಪ್ಪರ ಯಾಕೆ?" ಅವ್ವ ಕೇಳಿದಳು.

"ಈಜಿಪ್ಟಿಂದ ಹೊರಟು ನಲವತ್ತು ವರ್ಷ ಗುಡಿಸಲಲ್ಲಿ ಇದ್ರಂತೆ. ಅದನ್ನ ನೆನೆಯೋಕೆ ಏಳು ದಿನ."

"ನಾವೂ ಇದ್ವಲ್ಲೇ."

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ತುಂಬಿದಾಗ ಅವ್ವನಿಗೆ ಹದಿನಾರು. ಗುಡ್ಡದ ಮೇಲೆ ಸೋಗೆ ಗುಡಿಸಲಲ್ಲಿ ಮಳೆಗಾಲ ಕಳೆದವಳು. ನಮಗೆ ಅದಕ್ಕೆ ಇರುವುದು 'ಮುಳುಗಡೆ' ಎಂಬ ಒಂದೇ ಮಾತು. ಅರ್ಜಿಯಲ್ಲೂ ಅದೇ, ಅಳುವಿನಲ್ಲೂ ಅದೇ. ಸಾವಿರಾರು ವರ್ಷದ ಹಿಂದಿನ ಗುಡಿಸಲನ್ನು ಅವರು ಹಬ್ಬಕ್ಕೆ ಕಟ್ಟಿಟ್ಟುಕೊಂಡರು. ಅರವತ್ತು ವರ್ಷದ ನಮ್ಮದಕ್ಕೆ ಪಂಚಾಂಗದಲ್ಲಿ ಒಂದು ದಿನವಿಲ್ಲ. ಇದು ನನ್ನನ್ನು ಅವತ್ತು ಬಹಳ ಹೊತ್ತು ನೋಯಿಸಿತು.

ಸುಕ್ಕಾಗೆ ರಾತ್ರಿಗೊಬ್ಬ ಹಿರಿಯರನ್ನು ಕರೆಯುತ್ತಾರೆ. ಆ ಅತಿಥಿಗಳಿಗೆ ಉಷ್ಪಿಝಿನ್ ಎಂದು ಹೆಸರು, ಅರಾಮಿಕ್ ಮಾತು. ಅವ್ರಹಾಂ, ಯಿತ್ಸ್‌ಹಾಕ್, ಯಾಕೋವ್, ಮೋಶೆ, ಅಹರೋನ್, ಯೋಸೆಫ್, ದಾವೀದ್. ಅವ್ವನಿಗೆ ಓದಿ ಹೇಳಿದೆ. ಹೆಚ್ಚುತ್ತಿದ್ದ ಸೊಪ್ಪನ್ನು ಪಕ್ಕಕ್ಕೆ ಸರಿಸಿ ಅವಳು ನೀರೊಳಗಿನ ತನ್ನ ಕೇರಿಯ ಮನೆಗಳನ್ನು ಒಂದೊಂದಾಗಿ ಹೇಳತೊಡಗಿದಳು: ಮೇಲಿನಮನೆ, ಹೊಂಡದಮನೆ, ಹೊಳೆಯಂಚಿನವರು. ದಾವೀದ್ ಕೆಳಗೆ ಬರೆಯುತ್ತ ಹೋದೆ.