ಕರಿಬೇವಿಗೆ ವೀಸಾ ಇಲ್ಲ

ಊರಿಂದ ಅಪ್ಪ ಅಮ್ಮ ಬಂದಿಳಿಯುವುದು ಡಲ್ಲಾಸಿಗೋ ಹ್ಯೂಸ್ಟನ್ನಿಗೋ ಆಸ್ಟಿನ್ನಿಗೋ, ಸೀರೆ ಮಡಿಕೆಯಲ್ಲಿ ಅಡಗಿಸಿ ತಂದ ಕರಿಬೇವು ಕಸ್ಟಮ್ಸಿನವರ ಕೈಗೆ ಸಿಕ್ಕರೆ ನೇರ ಕಸದಬುಟ್ಟಿಗೆ. ನಾಲ್ಕೆಸಳು ಸೊಪ್ಪಿಗೆ ಇಷ್ಟು ರಂಪವೇ ಎಂದು ಗೊಣಗುತ್ತೇವೆ. ಆದರೆ ಈ ವಿಷಯದಲ್ಲಿ ನನ್ನ ಮತ ಅಧಿಕಾರಿಗೇ.

ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ್ದು. ಸೈಲಿಡ್ ಎಂಬ ಪುಟಾಣಿ ಕೀಟ ಅದರ ಚಿಗುರಿನಲ್ಲೂ ಮೊಟ್ಟೆಯಿಡುತ್ತದೆ. ಕಿತ್ತಳೆ ಮರಗಳಿಗೆ ಸಿಟ್ರಸ್ ಗ್ರೀನಿಂಗ್ ರೋಗ ಹರಡುವುದೂ ಅದೇ. ತಗುಲಿದ ಮರಕ್ಕೆ ಮದ್ದಿಲ್ಲ. ಫ್ಲಾರಿಡಾ 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2005ರಲ್ಲಿ ರೋಗ ಕಾಣಿಸಿತು. 2024-25ರ ಬೆಳೆ ಸುಮಾರು 1.2 ಕೋಟಿ ಪೆಟ್ಟಿಗೆ! ಚಂಡಮಾರುತಗಳ ಪಾಲೂ ಇದೆ ಅನ್ನಿ. ನಮ್ಮ ಕೊಡಗಿನ ಕಿತ್ತಳೆ ಸೊರಗಿದ್ದಕ್ಕೂ ಈ ರೋಗ ಒಂದು ಕಾರಣ. ಟೆಕ್ಸಾಸಿನ ರಿಯೋ ಗ್ರಾಂಡೆ ಕಣಿವೆಯ ತೋಟಕ್ಕೆ ಅದು 2012ರಲ್ಲಿ ಬಂತು, ಆಮೇಲೆ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಗೂ. ಅಲ್ಲಿಂದ ಈ ಕುಟುಂಬದ ಗಿಡಗಳನ್ನು ಹೊರಗೊಯ್ಯಲು ನಿರ್ಬಂಧವಿದೆ. ಹ್ಯೂಸ್ಟನ್ನಿನ ಗೆಳತಿ ಡಲ್ಲಾಸಿನ ಗೃಹಪ್ರವೇಶಕ್ಕೆ ಕರಿಬೇವಿನ ಸಸಿ ತರುವ ಮೊದಲು ಕೃಷಿ ಇಲಾಖೆಯ ನಿಯಮ ನೋಡಬೇಕು!

ತಿಂಡಿ ತಿನಿಸು ಏನೇ ಇರಲಿ, ಅಧಿಕಾರಿಗೆ 'ಇದೆ' ಎಂದು ಮೊದಲೇ ಹೇಳಿಬಿಡಿ. ಹೇಳಿ ತೋರಿಸಿದರೆ, ನಿಷೇಧಿತ ವಸ್ತುವಾದರೂ ಕಿತ್ತುಕೊಳ್ಳುತ್ತಾರೆ ಅಷ್ಟೇ. ದಂಡ ಬೀಳುವುದು ಬಚ್ಚಿಟ್ಟರೆ. ಒಗ್ಗರಣೆಯ ಚಿಂತೆಯೇ? ಇರ್ವಿಂಗ್, ಶುಗರ್ ಲ್ಯಾಂಡ್‌ನ ನಮ್ಮವರ ಅಂಗಡಿಗಳಲ್ಲಿ ಕರಿಬೇವು ಸಿಗುತ್ತದೆ. ಬೆಲೆ ಮಾತ್ರ ಅತ್ತೆಯವರಿಗೆ ಹೇಳಬೇಡಿ.