ಪೆನ್‌ಡ್ರೈವಿಗೂ ಒಂದು ಕುಲ

ನಮ್ಮ ಕಡೆ ಟ್ರ್ಯಾಕ್ಟರ್ ಹಾಡಿಲ್ಲದೆ ಹೊರಡುವುದಿಲ್ಲ. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಡಲಿ, ಹೊಲಕ್ಕೆ ಖಾಲಿ ಟ್ರೇಲರ್ ಎಳೆದುಕೊಂಡು ಹೋಗಲಿ, ಮೊದಲು ಪೆನ್‌ಡ್ರೈವ್ ಚುಚ್ಚಬೇಕು, ಆಮೇಲೆ ಗೇರು. ಕನಕ ಜಯಂತಿಯ ಮೆರವಣಿಗೆಯಲ್ಲಂತೂ ಮುಂದಿನ ಟ್ರ್ಯಾಕ್ಟರಿಂದ ಕನಕದಾಸರ ಕೀರ್ತನೆ, ಹಿಂದಿನದರಿಂದ ಡಿಜೆ.

ಕಾಗಿನೆಲೆಯಲ್ಲಿ ನನಗೆ ಕಂಪ್ಯೂಟರ್ ಬಲ್ಲವನೆಂಬ ಹೆಸರು ಬಂದದ್ದು ಈ ಪೆನ್‌ಡ್ರೈವುಗಳ ದೆಸೆಯಿಂದ. ದೂರು ಹೆಚ್ಚುಕಡಿಮೆ ಒಂದೇ: “ಸರ್ರ, ಲ್ಯಾಪ್‌ಟಾಪಿನ್ಯಾಗ ಹಾಡತೈತಿ, ಟ್ರ್ಯಾಕ್ಟರಿನ್ಯಾಗ ಹಾಡವಲ್ದು. ಫಾರ್ಮ್ಯಾಟ್ ಹೊಡದ ಕೊಡ್ರಿ.” ಹೊಸದಾಗಿ ತಂದ 64 ಜಿಬಿಯ ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿ ಇರುವುದು ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆ. ಟ್ರ್ಯಾಕ್ಟರಿನ ಅಗ್ಗದ ಪ್ಲೇಯರಿಗೆ ಗೊತ್ತಿರುವುದು ಫ್ಯಾಟ್32 ಮಾತ್ರ. ಒಳಗಿನ ಹಾಡು ಅದೇ, ಧ್ವನಿ ಅದೇ. ಆದರೂ ಯಂತ್ರ ಮೊದಲು ಕುಲ ವಿಚಾರಿಸಿಯೇ ಒಳಗೆ ಬಿಡುತ್ತದೆ. ಅದೂ ಕನಕದಾಸರ ಊರಿನಲ್ಲಿ!

ಫ್ಯಾಟ್ ಮನೆತನದ ಮೂಲ 1977ರ ಮೈಕ್ರೋಸಾಫ್ಟ್. ಫ್ಲಾಪಿಗೆಂದು ಹುಟ್ಟಿದ್ದು ಬೆಳೆಯುತ್ತ 1996ರಲ್ಲಿ ಫ್ಯಾಟ್32 ಆಯಿತು. ಹಳೆಯದಾದ್ದರಿಂದಲೇ ಕಾರು, ಟಿವಿ, ಟ್ರ್ಯಾಕ್ಟರ್ ಎಲ್ಲಕ್ಕೂ ಅದರ ಗುರುತಿದೆ. ಆದರೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32 ಜಿಬಿ ಮೀರಿದ ಡ್ರೈವಿಗೆ ಫ್ಯಾಟ್32 ಕೊಡಲು ಒಪ್ಪದು. ಆ ಕಿಟಕಿ ಬರೆದವರು ಡೇವ್ ಪ್ಲಮ್ಮರ್. 1994ರ ಕೊನೆಯಲ್ಲಿ ಒಂದು ಮಳೆಯ ಗುರುವಾರ ತಾತ್ಕಾಲಿಕವೆಂದು ಬರೆದದ್ದು, 32ರ ಮಿತಿಯೂ ತನ್ನದೇ ತೀರ್ಮಾನ ಎಂದು ಅವರೇ ಹೇಳಿಕೊಂಡಿದ್ದಾರೆ. ಅಮೆರಿಕದ ಆ ಮಳೆಯ ಫಲವನ್ನು ನಮ್ಮ ಮೆಣಸಿನಕಾಯಿ ರೈತ ಇನ್ನೂ ಉಣ್ಣುತ್ತಿದ್ದಾನೆ. ನಾನು ಉಬುಂಟು ಲಿನಕ್ಸ್ ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಅದರಲ್ಲಿ 64 ಜಿಬಿಗೂ ತಕರಾರಿಲ್ಲದೆ ಫ್ಯಾಟ್32 ಆಗುತ್ತದೆ.

ಅಪ್ಪನ ಭಜನಾ ಮೇಳದ ಕ್ಯಾಸೆಟ್ಟುಗಳನ್ನೆಲ್ಲ ಎಂಪಿ3 ಮಾಡಿ ಅಂಥದೊಂದು ಡ್ರೈವಿನಲ್ಲಿ ಇಟ್ಟಿದ್ದೇನೆ. ತಾಳ ತಪ್ಪಿದ್ದು, ಯಾರೋ ಕೆಮ್ಮಿದ್ದು, ನಡುವೆ ಅಪ್ಪ “ಏ, ಶ್ರುತಿ ಹಿಡೀರಿ” ಎಂದು ಗದರಿಸಿದ್ದು, ಎಲ್ಲವೂ ಟ್ರ್ಯಾಕ್ಟರಿನಲ್ಲೂ ಕೇಳುತ್ತದೆ. ಬಯಲಾಟದ ವಿಡಿಯೋ ಮಾತ್ರ ಹತ್ತಲಿಲ್ಲ. ಫ್ಯಾಟ್32 ಕಡತದ ಅಳತೆಯನ್ನು 32 ಬಿಟ್‌ಗಳಲ್ಲಿ ಬರೆದಿಡುತ್ತದೆ. 4 ಜಿಬಿ ತಲುಪಿದರೆ ಡ್ರೈವಿನಲ್ಲಿ ಎಷ್ಟು ಜಾಗವಿದ್ದರೂ ಸೇರಿಸಿಕೊಳ್ಳದು. ನಮ್ಮ ಬಯಲಾಟವೋ ಬೆಳಗಿನ ಜಾವದವರೆಗೆ ನಡೆಯುವಂಥದ್ದು. ತುಂಡು ಮಾಡಬಹುದಿತ್ತು, ಮನಸ್ಸಾಗಲಿಲ್ಲ.

ಹಾಗಾಗಿ ಬಯಲಾಟಕ್ಕೆ ಬೇರೆ ಡ್ರೈವು, ಅದಕ್ಕೆ ಎಕ್ಸ್‌ಫ್ಯಾಟ್. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರ ಬಯಲು ಮಾಡಿದ ಮೇಲೆ ಲಿನಕ್ಸ್ ಕೂಡ ಅದನ್ನು ತನ್ನ ಒಳಗೇ ಸೇರಿಸಿಕೊಂಡಿತು. ಈಗ ಚುಚ್ಚಿದರೆ ಸಾಕು, ಉಬುಂಟು ತಾನೇ ತೆರೆದು, ಡ್ರೈವಿನ ಹೆಸರಲ್ಲೇ ಒಂದು ಫೋಲ್ಡರ್ ಮುಂದಿಡುತ್ತದೆ. ಆ ಹೆಸರು ಕನ್ನಡದಲ್ಲೂ ಇರಬಹುದು, ಹನ್ನೊಂದು ಯುನಿಕೋಡ್ ಸಂಕೇತಗಳ ಒಳಗಿದ್ದರೆ. ಕಾಗುಣಿತ, ಒತ್ತು ಎಲ್ಲವೂ ಲೆಕ್ಕಕ್ಕೆ. ‘ಕಾಗಿನೆಲೆ’ಗೆ ಎಂಟು, ‘ಬ್ಯಾಡಗಿ’ಗೆ ಏಳು, ‘ಹಾವೇರಿ’ಗೆ ಆರು.

ಬಯಲಾಟದ ಪ್ರತಿ ಬೇಕೆಂದು ಬಂದ ನಮ್ಮ ಭಾವ ತನ್ನ ಊರಿನ ಹೆಸರೇ ಬೇಕೆಂದು ಹಟ ಹಿಡಿದ. ‘ರಾಣೆಬೆನ್ನೂರು’ ಎಂದು ಕೊಟ್ಟರೆ ಹನ್ನೆರಡು. ಕಂಪ್ಯೂಟರ್ ಒಪ್ಪಲಿಲ್ಲ. ಕೊನೆಯ ಕೊಂಬು ತೆಗೆದರೆ ಸರಿಹೋಗುತ್ತದೆ, ಆದರೆ ಹೆಸರು ಕೆಡುತ್ತದಲ್ಲ ಎಂದೆ.

“ಎಲ್ಲಿ ಕೆಡತೈತಿ?” ಎಂದ ಭಾವ. “ಬಸ್ಸಿನ ಕಂಡಕ್ಟರ್ ರಾಣೆಬೆನ್ನೂರ, ರಾಣೆಬೆನ್ನೂರ ಅಂತಾನ ಒದರ್ತಾನ. ಒತ್ತಿಬಿಡು.”